ಪಡುವಣ ಗೋಡೆ ಮತ್ತು ನಾನು ಗೆದ್ದ ವಾದ

ನಮ್ಮ ಮನೆಯ ಬಗ್ಗೆ ಎಲ್ಲರೂ ಹೇಳುವ ಕಥೆ ನನಗೆ ಬಾಯಿಪಾಠವಾಗಿದೆ. ಕೆ.ಆರ್. ಪುರದ ಆಚೆ ಒಂದು ಹಳ್ಳಿ. ಅಲ್ಲೊಂದು ಒಕ್ಕಲು ಮನೆತನ. ಹೊಲ ಸೈಟುಗಳಾದವು, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದವು, ಕಾಂಕ್ರೀಟಿನ ಕಾವಿನಲ್ಲಿ ಬೆಂದು ಬೇಸತ್ತ ಮನೆಯವರಿಗೆ ಕಡೆಗೊಮ್ಮೆ ಜ್ಞಾನೋದಯವಾಗಿ, ಹಿರಿಯರ ಹಾಗೆ ಮಣ್ಣಿನ ಮನೆ ಕಟ್ಟಿಕೊಂಡರು. ಈಗ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಯೂಟ್ಯೂಬಿನಲ್ಲಿ ಇದರದೊಂದು ವಿಡಿಯೋ ಕೂಡ ಇದೆ. ಅದರಲ್ಲಿ ನಮ್ಮಪ್ಪ ಗೋಡೆ ತಟ್ಟಿ, "ಫ್ಯಾನೇ ಬೇಡ ಸಾರ್" ಅನ್ನುತ್ತಾನೆ. ಕೆಳಗೆ ಜನ ಕೈಮುಗಿಯುವ ಚಿತ್ರ ಹಾಕಿ, ನಮ್ಮ ಪೂರ್ವಜರು ಎಂಥ ವಿಜ್ಞಾನಿಗಳು ಎಂದು ಬರೆದಿದ್ದಾರೆ.

ನನಗೆ ಕೆಲವು ಪ್ರಶ್ನೆಗಳಿವೆ. ಆ ವಿಡಿಯೋ ತೆಗೆದದ್ದು ಎಷ್ಟು ಗಂಟೆಗೆ? ಯಾರ ಕೋಣೆಯಲ್ಲಿ? ಆ ಹೊತ್ತಿನಲ್ಲಿ ಆ ಕೋಣೆಯವಳು ಎಲ್ಲಿದ್ದಳು?

ಉತ್ತರ ನನಗೇ ಗೊತ್ತು, ಏಕೆಂದರೆ ಕ್ಯಾಮೆರಾದವರಿಗೆ ಕಾಫಿ ಕೊಟ್ಟವಳು ನಾನು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಕೋಣೆ ನನ್ನ ಅತ್ತೆಯದು, ಅಂದರೆ ಅಪ್ಪನ ಅಕ್ಕನದು. ಅವಳು ಆಗ ಹಲಸೂರಿನ ಕಡೆ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದಳು. ಮಂಗಳವಾರ, ಗುರುವಾರ, ಶನಿವಾರ ಅವಳ ರಕ್ತ ಹೊರಗೆ ಬಂದು ತೊಳೆಸಿಕೊಂಡು ಒಳಗೆ ಹೋಗುತ್ತದೆ. ಕೋಣೆ ಖಾಲಿ ಇರುವುದು ಆ ದಿನಗಳಲ್ಲಿ ಮಾತ್ರ. ಹಾಗಾಗಿ ಮನೆ ನೋಡಲು ಬರುವವರಿಗೆಲ್ಲ ಅಪ್ಪ ಶನಿವಾರದ ಬೆಳಗನ್ನೇ ಕೊಡುತ್ತಾನೆ. ಬಂದವರು ಗೋಡೆಗೆ ಅಂಗೈ ಒತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, ಆಹಾ ಅನ್ನುತ್ತಾರೆ. ಆ ಹೊತ್ತಿನಲ್ಲಿ ಆ ಗೋಡೆ ನಿಜಕ್ಕೂ ತಂಪಾಗಿರುತ್ತದೆ. ನಾನೂ ಎಷ್ಟೋ ಸಲ ಕೈಯಿಟ್ಟು ನೋಡಿದ್ದೇನೆ. ಸುಳ್ಳು ಗೋಡೆಯದಲ್ಲ.

ಸಂಜೆ ಏಳು ಗಂಟೆಗೆ ಬನ್ನಿ ಎಂದು ನಾವು ಯಾರನ್ನೂ ಕರೆದಿಲ್ಲ.

ಇಷ್ಟು ಹೇಳಿ ನಾನು ಅಪ್ಪನ ಮೇಲೆ ಗೂಬೆ ಕೂರಿಸಿ ಹೊರಟುಬಿಡಬಹುದು. ಆದರೆ ಈ ಕಥೆಯನ್ನು ಮೊಟ್ಟಮೊದಲು ಹೇಳಿದವನು ಅಪ್ಪ ಅಲ್ಲ, ನಾನು. ಕಟ್ಟುವ ಮುಂಚೆಯೇ ಹೇಳಿದ್ದೆ. ಅದನ್ನೇ ಹೇಳಿ ಒಂದು ವಾದವನ್ನು ಗೆದ್ದಿದ್ದೆ.

ಅತ್ತೆಯ ಪರಿಚಯ ಮಾಡಿಕೊಡಬೇಕು. ಅವಳು ಮೂವತ್ತು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಂತಿ ಬೆಸೆಯುವ ಕೆಲಸ ಮಾಡಿದವಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದರೆ, "ಷಿಫ್ಟ್ ಹೊಂದಲಿಲ್ಲ ಬಿಡು" ಅನ್ನುತ್ತಿದ್ದಳು. ನಾನು ಶಾಲೆಯಿಂದಲೂ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಆಮೇಲೆ ಕಾನೂನು ಓದುವಾಗ ಊರೂರಿಗೆ ಹೋಗಿ ಬಹುಮಾನದ ಕಪ್‌ಗಳನ್ನು ಗೆದ್ದು ತಂದೆ. ಮನೆಯಲ್ಲಿ ನನ್ನ ಅಭ್ಯಾಸಕ್ಕೆ ಸಿಗುತ್ತಿದ್ದ ಎದುರಾಳಿ ಅತ್ತೆ ಒಬ್ಬಳೇ. ಸೊಪ್ಪು ಸೋಸುತ್ತಾ ಕೂತು, ನಾನು ಯಾವ ಪಕ್ಷ ಹಿಡಿದರೆ ಅದಕ್ಕೆ ವಿರುದ್ಧ ನಿಲ್ಲುತ್ತಿದ್ದಳು. ಸೋತದ್ದು ಕಡಿಮೆ. ನನ್ನನ್ನು ಲಾಯರಮ್ಮ ಎಂದು ಕರೆಯುವುದನ್ನು ಶುರು ಮಾಡಿದ್ದೂ ಅವಳೇ, ನಾನು ಆರನೇ ಕ್ಲಾಸಿನಲ್ಲಿದ್ದಾಗ.

ನಿವೃತ್ತಿಯಾದ ಎರಡು ವರ್ಷಕ್ಕೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಡಾಕ್ಟರು ನೀರಿಗೆ ಅಳತೆ ಹಾಕಿದರು. ಬೆಳಿಗ್ಗೆ ಒಂದು ಸ್ಟೀಲ್ ಬಾಟಲಿ ತುಂಬಿಸಿಡಬೇಕು. ಕಾಫಿ, ಸಾರು, ಮಾತ್ರೆಗೆ ಕುಡಿದ ಗುಟುಕು ಎಲ್ಲ ಅದರಲ್ಲೇ ಕಳೆಯಬೇಕು. ಒಳಗೆ ಹೋದ ನೀರು ಹೊರಗೆ ಬರಲು ದಾರಿಯಿಲ್ಲ. ಮುಂದಿನ ಡಯಾಲಿಸಿಸ್‌ವರೆಗೆ ಅದು ಕಾಲಲ್ಲಿ, ಮುಖದಲ್ಲಿ, ಹೆಚ್ಚಾದರೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಹಾಗಾಗಿ ಅವಳಿಗೆ ಸೆಖೆ ಅನ್ನುವುದು ನಮಗಿರುವ ಹಾಗೆ ಬರಿಯ ಕಿರಿಕಿರಿಯಲ್ಲ. ಸೆಖೆಯಾದರೆ ಬಾಯಾರಿಕೆ, ಬಾಯಾರಿದರೆ ಕುಡಿಯುವಂತಿಲ್ಲ. ನಾವಿದ್ದ ಬಾಡಿಗೆ ಕಟ್ಟಡದ ಮೂರನೇ ಅಂತಸ್ತಿನಲ್ಲಿ, ತಾರಸಿಯ ಕೆಳಗೆ, ಮೊದಲ ಬೇಸಿಗೆಯಲ್ಲಿ ಅವಳು ಒದ್ದೆ ಬಟ್ಟೆಯನ್ನು ನಾಲಿಗೆಗೆ ಒತ್ತಿಕೊಂಡು ಕೂರುತ್ತಿದ್ದುದನ್ನು ನೋಡಿ ಅಪ್ಪ ನಿರ್ಧರಿಸಿದ. ಹಿತ್ತಿಲ ಸೈಟಿನಲ್ಲಿ ಅಕ್ಕನಿಗೆ ತಂಪಾದ ಮನೆ ಕಟ್ಟಬೇಕು. ಮನೆಯ ಉದ್ದೇಶ ಅದೊಂದೇ. ಇದನ್ನು ಮರೆಯಬಾರದು, ಏಕೆಂದರೆ ಆಮೇಲೆ ನಾವೆಲ್ಲರೂ ಮರೆತೆವು.

ವಾಸ್ತುಶಿಲ್ಪಿಯನ್ನು ಹುಡುಕಿದ್ದು ನಾನು. ಇಂದಿರಾನಗರದಲ್ಲಿ ಅವನ ಕಚೇರಿ. ನನಗಿಂತ ಆರೇಳು ವರ್ಷ ದೊಡ್ಡವನು, ಖಾದಿ ಅಂಗಿ, ಬರಿಗಾಲು. ಮಣ್ಣಿನ ಇಟ್ಟಿಗೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. "ಮಣ್ಣು ಉಸಿರಾಡುತ್ತೆ," ಅಂದ. "ದಪ್ಪ ಗೋಡೆಗೆ ಥರ್ಮಲ್ ಮಾಸ್ ಇರುತ್ತೆ. ಹೊರಗಿನ ಬಿಸಿ ಒಳಗೆ ಬರೋಕೆ ಬಿಡಲ್ಲ." ಅವನು ಇದನ್ನು ಹೇಳುವಾಗ ಅವನ ತಲೆಯ ಮೇಲೆ ಎಸಿ ಗುಂಯ್ಗುಡುತ್ತಿತ್ತು. ಇದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಸುಮ್ಮನಿದ್ದೆ, ಯಾಕೆಂದರೆ ಅವನು ಹೇಳುತ್ತಿದ್ದುದು ನನಗೆ ಬೇಕಾದ ಮಾತಾಗಿತ್ತು. ಎದುರಾಳಿಯ ತಲೆಯ ಮೇಲೆ ಅಂಥದ್ದೊಂದು ಎಸಿ ಇದ್ದಿದ್ದರೆ ನಾನು ಅವನನ್ನು ಬಿಡುತ್ತಿದ್ದೆನೇ?

ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲ ಸೈಟಿನಲ್ಲಿ ಎಲ್ಲರೂ ಸೇರಿದೆವು. ಅಪ್ಪ, ಅತ್ತೆ, ವಾಸ್ತುಶಿಲ್ಪಿ, ನಾನು, ಮತ್ತು ಮೇಸ್ತ್ರಿ. ಮೇಸ್ತ್ರಿ ಮರ್ಫಿ ಟೌನಿನವರು, ಮನೆಮಾತು ತಮಿಳು, ನಮ್ಮ ಬಾಡಿಗೆ ಕಟ್ಟಡಗಳನ್ನೆಲ್ಲ ಕಟ್ಟಿದವರು ಅವರೇ. ಅತ್ತೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ನಕ್ಷೆಯ ಪ್ರಕಾರ ಅವಳ ಕೋಣೆ ನೈಋತ್ಯ ಮೂಲೆಯಲ್ಲಿ. ನಮ್ಮಲ್ಲಿ ಮನೆಯ ಹಿರಿಯರು ಮಲಗಬೇಕಾದದ್ದು ಅಲ್ಲೇ. ಅದರಲ್ಲಿ ಚರ್ಚೆಯೇ ಇಲ್ಲ. ಅಪ್ಪ ವಾಸ್ತು ನೋಡುವವರನ್ನು ಕೇಳಿಕೊಂಡು ಬಂದಿದ್ದ: ಆ ಮೂಲೆ ಭಾರವಾಗಿರಬೇಕು, ಗೋಡೆ ಎಲ್ಲಕ್ಕಿಂತ ದಪ್ಪ ಇರಬೇಕು, ಕಿಟಕಿ ಇರಬಾರದು. ಪಶ್ಚಿಮಕ್ಕೆ ಪಕ್ಕದವರ ಖಾಲಿ ಸೈಟು. ಒಂದು ಗಿಡವೂ ಇಲ್ಲದೆ, ಮಧ್ಯಾಹ್ನದಿಂದ ಮುಳುಗುವವರೆಗೆ ಬಿಸಿಲು ನೇರವಾಗಿ ಬೀಳುವ ಜಾಗ.

ಮೇಸ್ತ್ರಿ ನಕ್ಷೆ ನೋಡಿ ತಲೆ ಅಲ್ಲಾಡಿಸಿದರು.

"ಅಕ್ಕಾ, ಗೋಡೆ ದಪ್ಪ ಮಾಡೋದು ಬೇರೆ, ಬಿಸಿಲು ತಡೆಯೋದು ಬೇರೆ. ಈ ಕಡೆ ಎರಡು ಗೋಡೆ ಎಬ್ಬಿಸಿ ಮಧ್ಯೆ ಸಂದು ಬಿಡೋಣ. ಸಂದಿಗೆ ಸುಣ್ಣ ಕಲಸಿ ಭತ್ತದ ಹೊಟ್ಟು ತುಂಬಿಸ್ತೀನಿ. ಬೇಡಾಂದ್ರೆ ಹೊರಗಡೆ ಒಂದು ಜಗಲಿ ಇಳಿಸಿ ಹೆಂಚು ಹೊದಿಸೋಣ. ಗೋಡೆ ಮೇಲೆ ಬಿಸಿಲೇ ಬೀಳಬಾರದು, ಅಷ್ಟೇ."

"ಜಗಲಿಗೆ ಜಾಗ ಎಲ್ಲಿ ಬಂತು? ಕೋಣೆ ಚಿಕ್ಕದಾಗುತ್ತೆ," ಅಂದ ಅಪ್ಪ.

"ಹೊಟ್ಟಿಗೆ ಗೆದ್ದಲು ಹತ್ತುತ್ತೆ ಸರ್. ಈ ದಪ್ಪದ ಮಣ್ಣಿಗೆ ಅದೆಲ್ಲ ಬೇಕಾಗಿಲ್ಲ," ಅಂದ ವಾಸ್ತುಶಿಲ್ಪಿ.

ಅಲ್ಲಿಯವರೆಗೆ ಮಾತು ಅವರ ಮೂವರಲ್ಲೇ ಇತ್ತು. ನಾನು ಎದ್ದು ನಿಂತೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ಮೇಸ್ತ್ರಿ, ನಮ್ಮ ಇಷ್ಟು ಬಿಲ್ಡಿಂಗ್ ಕಟ್ಟಿದ್ದೀರಲ್ಲ, ಎಷ್ಟು ಗೋಡೆಗೆ ಹೊಟ್ಟು ತುಂಬಿಸಿದ್ದೀರಿ?"

"ಒಂದಕ್ಕೂ ಇಲ್ಲ ಪಾಪಾ. ಬಾಡಿಗೆ ಮನೆಗೆ ಯಾರು ಕೇಳ್ತಾರೆ?"

"ಅಂದ್ರೆ ಮೊದಲ್ನೇ ಪ್ರಯೋಗ ನಮ್ಮತ್ತೆ ಮೇಲಾ?"

ಅವರು ನಕ್ಕರು. ಇದು ತಮ್ಮನ್ನು ಸಿಕ್ಕಿಸುವ ಪ್ರಶ್ನೆ ಎಂದೂ ಅವರಿಗೆ ಅನ್ನಿಸಲಿಲ್ಲ. "ಪ್ರಯೋಗ ಎಲ್ಲಮ್ಮಾ? ರಸೆಲ್ ಮಾರ್ಕೆಟ್‌ಗೆ ಹೋಗಿ ನೋಡು. ಮೀನಿನೋರು ಐಸ್ ಗಡ್ಡೆ ಕರಗಬಾರದೂಂತ ಅದರ ಮೇಲೆ ಏನ್ ಹಾಕ್ತಾರೆ? ಹೊಟ್ಟು ಹಾಕ್ತಾರೆ, ಗೋಣಿ ಹಾಕ್ತಾರೆ. ಚಪ್ಪಡಿ ಕಲ್ಲು ಹೊದಿಸ್ತಾರಾ?"

ಇಷ್ಟು ವರ್ಷ ಚರ್ಚೆ ಮಾಡಿ ನಾನು ಕಲಿತದ್ದೇನೆಂದರೆ, ಎದುರಿನವರು ಒಳ್ಳೆಯ ಉದಾಹರಣೆ ಕೊಟ್ಟಾಗ ಅದಕ್ಕೆ ಉತ್ತರ ಹುಡುಕಬಾರದು. ನಗಿಸಬೇಕು.

"ನಮ್ಮತ್ತೆ ಮೀನಲ್ಲ ಮೇಸ್ತ್ರಿ," ಅಂದೆ.

ವಾಸ್ತುಶಿಲ್ಪಿ ಎಲ್ಲರಿಗಿಂತ ಜೋರಾಗಿ ನಕ್ಕ. ಅಪ್ಪನೂ ನಕ್ಕ. ಮೇಸ್ತ್ರಿ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡರು. ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಳೆಯ ಮನೆಯ ಮಾತು ತೆಗೆದೆ. ಈ ಸೈಟಿನ ಮುಂದುಗಡೆ, ಈಗ ಬಾಡಿಗೆ ಕಟ್ಟಡ ಇರುವಲ್ಲೇ, ಅಜ್ಜನ ಮಣ್ಣಿನ ಮನೆಯಿತ್ತು. ನನಗೆ ಆರು ವರ್ಷವಾಗಿದ್ದಾಗ ಕೆಡವಿದರು. ಬೇಸಿಗೆ ಮಧ್ಯಾಹ್ನ ನೆಲದ ಮೇಲೆ ಉರುಳಿ, ಪಡುವಣ ಗೋಡೆಗೆ ಕೆನ್ನೆ ಒತ್ತಿ ಮಲಗುತ್ತಿದ್ದದ್ದು ನನಗೆ ನೆನಪಿದೆ ಎಂದೆ. "ಆ ತಂಪು ಇನ್ನೂ ನನ್ನ ಕೆನ್ನೆಲಿದೆ. ಅಲ್ಲಿ ಸಂದೂ ಇರಲಿಲ್ಲ, ಹೊಟ್ಟೂ ಇರಲಿಲ್ಲ. ಬರೀ ಮಣ್ಣಿನ ಗೋಡೆ ಇತ್ತು. ಸಾಕಾಯ್ತಲ್ಲ?"

ಆಮೇಲೆ ಅಪ್ಪನ ಕಡೆ ತಿರುಗಿದೆ. ನಾನು ವಾಸ್ತು ನಂಬುವವಳಲ್ಲ. ಬಾಗಿಲು ಯಾವ ಕಡೆ ಇಟ್ಟರೆ ಯಾರಿಗೆ ಬಡ್ತಿ ಸಿಗುತ್ತದೆ ಎಂಬುದರ ಬಗ್ಗೆ ಅಪ್ಪನ ಜೊತೆ ಊಟದ ಹೊತ್ತಿನಲ್ಲಿ ಎಷ್ಟು ಜಗಳವಾಡಿದ್ದೇನೋ ಲೆಕ್ಕವಿಲ್ಲ. ಆವತ್ತು ಮಾತ್ರ ಹೇಳಿದೆ: "ಅಪ್ಪಾ, ನೀನೇ ಹೇಳ್ತೀಯಲ್ಲ, ನೈಋತ್ಯ ಭಾರ ಇರ್ಬೇಕು ಅಂತ. ಟೊಳ್ಳು ಗೋಡೆಗೆ ಒಪ್ತೀಯಾ?"

ಟೊಳ್ಳು ಅನ್ನುವ ಪದ ಸಾಕಾಯಿತು. ಅಪ್ಪನ ಮುಖ ನೋಡಿ ಗೆದ್ದೆ ಎಂದು ಗೊತ್ತಾಯಿತು. ನಂಬದವಳು ನಂಬಿಕೆಯನ್ನು ಸಾಕ್ಷಿಗೆ ಕರೆಯುವುದು ಸರಿಯೇ ಎಂದು ಕೇಳಲು ಯಾವ ತೀರ್ಪುಗಾರರೂ ಅಲ್ಲಿರಲಿಲ್ಲ. ವಾಸ್ತು ನೋಡುವವನು, ಬರಿಗಾಲಿನ ವಾಸ್ತುಶಿಲ್ಪಿ ಮತ್ತು ಯಾವುದನ್ನೂ ನಂಬದ ನಾನು, ಮೂವರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಗೋಡೆಯ ಮುಂದೆ ನಿಂತಿದ್ದೆವು. ಅದೇ ಒಂದು ಎಚ್ಚರಿಕೆಯಾಗಬೇಕಿತ್ತು.

ಮನೆ ಅತ್ತೆಗಾಗಿ ಆದ್ದರಿಂದ ಕೊನೆಯ ಮಾತು ಅವಳದ್ದು. ಅವಳು ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

"ಲಾಯರಮ್ಮ ಇಷ್ಟು ಹೇಳಿದ್ಮೇಲೆ ಮುಗೀತು," ಅಂದಳು. "ಅವಳು ಹೇಳಿದಂಗೇ ಕಟ್ಟಿ."

ಮೇಸ್ತ್ರಿ ಹಾಗೇ ಕಟ್ಟಿದರು. ತಮ್ಮ ಮಾತು ಸೋತಿತೆಂದು ಕೆಲಸದಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಒಂದೂವರೆ ಅಡಿ ದಪ್ಪ, ಒಂದು ಕೂದಲೆಳೆಯಷ್ಟೂ ವಾಲದ, ಕೆಮ್ಮಣ್ಣಿನ ಗೋಡೆ. ಫೋಟೋ ತೆಗೆಯುವವರು ಮೊದಲು ನಿಲ್ಲುವುದು ಅದರ ಮುಂದೆಯೇ.

ಗೃಹಪ್ರವೇಶವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಚಳಿಗಾಲವಿಡೀ ನಾನು ಹೇಳಿದ್ದೇ ಸರಿಯಾಗಿತ್ತು. ಸಂಜೆ ಕೋಣೆ ಬೆಚ್ಚಗಿರುತ್ತಿತ್ತು, ಅತ್ತೆ ಶಾಲು ತೆಗೆದಿಟ್ಟು ಕೂರುತ್ತಿದ್ದಳು. ಮಾರ್ಚ್ ಬಂತು. ಬೆಳಿಗ್ಗೆ ಗೋಡೆ ತಣ್ಣಗೆ, ಮಧ್ಯಾಹ್ನವೂ ಪರವಾಗಿಲ್ಲ. ಹೊರಗೆ ಬಿಸಿಲು ಇಳಿದು, ಬೀದಿಯಲ್ಲಿ ಗಾಳಿ ಆಡಲು ಶುರುವಾಗಿ, ನಾವೆಲ್ಲ ಅಂಗಳಕ್ಕೆ ಬಂದು ಕೂರುವ ಹೊತ್ತಿಗೆ ಅತ್ತೆಯ ಕೋಣೆಯಲ್ಲಿ ಗೋಡೆ ಏಳುತ್ತಿತ್ತು. ಬೇರೆ ಪದ ನನಗೆ ಹೊಳೆಯುವುದಿಲ್ಲ. ಸ್ನಾನದ ಹಂಡೆಗೆ ಬೆಂಕಿ ಹಾಕಿ, ಬೆಂಕಿ ಆರಿದ ಮೇಲೂ ಹಂಡೆ ಗಂಟೆಗಟ್ಟಲೆ ಸುಡುತ್ತಿರುತ್ತದಲ್ಲ, ಹಾಗೆ. ಬಿಸಿಲು ಮಧ್ಯಾಹ್ನ ಹೊರಮೈಗೆ ಬಿದ್ದು, ನಿಧಾನವಾಗಿ ಮಣ್ಣಿನೊಳಗೆ ನಡೆದು, ಒಳಮೈಗೆ ಬರುವಷ್ಟರಲ್ಲಿ ಅವಳು ಮಲಗುವ ಹೊತ್ತಾಗಿರುತ್ತಿತ್ತು. ಕಿಟಕಿ ಇಲ್ಲದ್ದರಿಂದ ಅದು ಹೋಗಲು ಜಾಗವೂ ಇಲ್ಲ. ನಾನು ಒಂದು ಅಗ್ಗದ ಥರ್ಮಾಮೀಟರ್ ತಂದು ನೇತುಹಾಕಿದೆ. ಏಪ್ರಿಲಿನ ಒಂದು ಸಂಜೆ ಊಟದ ಹೊತ್ತಿಗೆ ಅಂಗಳದಲ್ಲಿ ಇಪ್ಪತ್ತೈದು, ಅವಳ ಹಾಸಿಗೆಯ ಪಕ್ಕದಲ್ಲಿ ಮೂವತ್ತೆರಡು.

ಆಮೇಲೆ ನಾನು ಓದಿದೆ. ಸೋತ ಮೇಲೆ ಓದುವ ಕೆಟ್ಟ ಅಭ್ಯಾಸ ನನ್ನದು. ದಪ್ಪ ಮಣ್ಣಿನ ಗೋಡೆ ಬಿಸಿಯನ್ನು ತಡೆಯುವುದಿಲ್ಲ. ಹೊತ್ತುಕೊಂಡು, ತಡಮಾಡಿ ತಲುಪಿಸುತ್ತದೆ. ತಡೆಯುವುದು ಹಗುರವಾದದ್ದು, ಟೊಳ್ಳಾದದ್ದು, ಒಳಗೆ ಗಾಳಿ ಸಿಕ್ಕಿಕೊಂಡಿರುವಂಥದ್ದು: ಹೊಟ್ಟು, ಹುಲ್ಲು, ನಾರು, ಕಂಬಳಿ. ನೆರಳಿನಲ್ಲಿಟ್ಟು, ರಾತ್ರಿಯ ಗಾಳಿಗೆ ತೆರೆದಿಟ್ಟರೆ ಅದೇ ದಪ್ಪ ಗೋಡೆ ನಿಜಕ್ಕೂ ಪುಣ್ಯಾತ್ಮ. ಪಡುವಣ ಬಿಸಿಲಿಗೆ ಬರಿಮೈಯಲ್ಲಿ ನಿಲ್ಲಿಸಿ ಹಿಂದುಗಡೆ ಒಬ್ಬ ರೋಗಿಯನ್ನು ಮಲಗಿಸಿದರೆ, ಒಲೆ. ದಪ್ಪವಾಗಿರುವುದೂ ಬಿಸಿಲು ತಡೆಯುವುದೂ ಒಂದೇ ಅಲ್ಲ ಎಂಬುದನ್ನು ಮೇಸ್ತ್ರಿ ಮೊದಲ ವಾಕ್ಯದಲ್ಲೇ ಹೇಳಿದ್ದರು.

ಇದರಿಂದ ಮಣ್ಣಿನ ಮನೆಯೇ ಮೋಸ ಎಂದು ಯಾರಾದರೂ ತೀರ್ಮಾನ ಮಾಡಿದರೆ ಅವರೊಂದಿಗೂ ನನ್ನ ಜಗಳವಿದೆ. ಮೋಸ ಮಾಡಿದ್ದು ಮಣ್ಣಲ್ಲ.

"ಅತ್ತೆ, ನನ್ನ ಕೋಣೆಗೆ ಬಾ, ಅದು ಮೂಡಲಿಗಿದೆ," ಎಂದು ಕರೆದೆ. ಅಪ್ಪ ಒಪ್ಪಲಿಲ್ಲ. ಹಿರಿಯಳು ನೈಋತ್ಯ ಬಿಟ್ಟು ಎದ್ದರೆ ಮನೆಗೆ ಒಳ್ಳೆಯದಲ್ಲ. "ನೀನೇ ಹೇಳಿದ್ದೆಯಲ್ಲೇ ಅವತ್ತು," ಅಂದ. ನನ್ನದೇ ಮಾತು, ನನಗೆ ವಾಪಸ್ಸು. ಅತ್ತೆಯೂ ಏಳಲಿಲ್ಲ. "ಕಟ್ಟಿಸಿದ್ದು ನನಗೇಂತ, ಈಗ ಬಿಟ್ಟು ಹೋದ್ರೆ ನಿಮ್ಮಪ್ಪ ಬೇಜಾರು ಮಾಡ್ಕೋತಾನೆ. ಸುಮ್ನಿರು."

ಬಾಟಲಿಯ ನೀರು ಸಂಜೆ ಏಳಕ್ಕೇ ಮುಗಿಯಲು ಶುರುವಾಯಿತು. ಮೊದಲು ಐಸ್ ಚೂರು ಚೀಪಿದಳು. ಆಮೇಲೆ ಬಚ್ಚಲಿಗೆ ಹೋದಾಗ ನಲ್ಲಿಗೆ ಬಾಯಿಟ್ಟು ಕುಡಿಯತೊಡಗಿದ್ದಳು ಎಂದು ನಮಗೆ ಗೊತ್ತಾದದ್ದು ತಡವಾಗಿ. ಡಯಾಲಿಸಿಸ್‌ಗೆ ಹೋದಾಗಲೆಲ್ಲ ತೂಕ ಹೆಚ್ಚು ಬರುತ್ತಿತ್ತು. ಮೇ ತಿಂಗಳ ಒಂದು ಸೋಮವಾರ ಅವಳಿಗೆ ಮಲಗಲಾಗಲಿಲ್ಲ. ಕೂತೇ ಉಸಿರಿಗೆ ಒದ್ದಾಡಿದಳು. ಶ್ವಾಸಕೋಶದಲ್ಲಿ ನೀರು. ಆರು ದಿನ ಐಸಿಯು.

ಅಲ್ಲಿನ ನರ್ಸ್ ಕೆಟ್ಟವಳೇನಲ್ಲ, ಅವಳ ಕೆಲಸ ಅವಳು ಮಾಡಿದಳು. "ಏನಮ್ಮಾ ಇದು? ಚಿಕ್ಕ ಮಕ್ಕಳಾ ನೀವು? ಬಾಯಿ ಕಟ್ಟೋಕಾಗಲ್ವಾ?"

ಅತ್ತೆ ಮುಖಕ್ಕೆ ಮಾಸ್ಕ್ ಇದ್ದಂತೆಯೇ, "ನಂದೇ ತಪ್ಪು ಸಿಸ್ಟರ್," ಅಂದಳು. "ನಾಲಿಗೆ ಕೆಟ್ಟದ್ದು."

ನಾನು ಅಲ್ಲೇ ಮಂಚದ ಕಾಲ ಬಳಿ ನಿಂತಿದ್ದೆ. ಇಷ್ಟು ವರ್ಷ ಸಭೆಗಳಲ್ಲಿ ಎದ್ದು ನಿಂತು, ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ಮಾತಾಡಿದವಳು. ತಪ್ಪು ಇವರ ನಾಲಿಗೆಯದಲ್ಲ, ಒಂದು ಗೋಡೆಯದು, ಆ ಗೋಡೆ ನನ್ನದು ಎಂದು ಹೇಳಲು ಎರಡು ವಾಕ್ಯ ಸಾಕಿತ್ತು. ನಾನು ಮಾತ್ರೆಯ ಚೀಟಿ ಇಸಿದುಕೊಂಡು ಕೆಳಗಿನ ಔಷಧಿ ಅಂಗಡಿಗೆ ಹೋದೆ.

ಮನೆಗೆ ಬಂದ ಮೇಲೆ ಅಪ್ಪ ಎಸಿ ಹಾಕಿಸಿದ. ಗೋಡೆ ಕಾಯುತ್ತಲೇ ಇತ್ತು, ಎಸಿ ಓಡುತ್ತಲೇ ಇತ್ತು. ಅದರ ಒಣಗಾಳಿಗೆ ಅತ್ತೆಯ ಬಾಯಿ ಮತ್ತಷ್ಟು ಒಣಗಿತು. ಕರೆಂಟು ಹೋದರೆ ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನ ಕೋಣೆ. ಶನಿವಾರ ಜನ ಬರುವ ಮುಂಚೆ ಅಪ್ಪ ಎಸಿಯ ಮೇಲೆ ಒಂದು ಬಿದಿರಿನ ಚಾಪೆ ಇಳಿಬಿಡುತ್ತಾನೆ. ವಿಡಿಯೋ ತೆಗೆದದ್ದು ಇದಾದ ಮೇಲೆ. ಸೂಕ್ಷ್ಮವಾಗಿ ನೋಡಿದರೆ ಚಾಪೆ ಕಾಣುತ್ತದೆ. ಚೆನ್ನಾಗಿಯೇ ಕಾಣುತ್ತದೆ.

ಅದೇ ಮೇ ಕೊನೆಯಲ್ಲಿ ಒಂದು ಸಂಜೆ ಕರೆಂಟು ಹೋಗಿತ್ತು. ನಾನು ಅತ್ತೆಗೆ ಬೀಸಣಿಗೆ ಬೀಸುತ್ತಾ ಕೂತಿದ್ದೆ. ಮಾತಿಗೆ ಮಾತು ಬೇಕಲ್ಲ ಎಂದು, "ಅಜ್ಜನ ಮನೇಲಿ ಹೆಂಗಿತ್ತು ಅತ್ತೆ, ಇದೇ ಗೋಡೆ ಅಷ್ಟು ತಣ್ಣಗಿತ್ತಲ್ಲ?" ಎಂದೆ.

"ಹಳೇ ಮನೇಲಿ ಪಡುವಲ ಗೋಡೆಗೆ ಬಿಸಿಲೆಲ್ಲಿ ಬೀಳ್ತಿತ್ತು?" ಅಂದಳು. "ಹೊರಗಡೆ ಇಳಿಮಾಡು ಇತ್ತಲ್ಲ, ದನದ್ದು. ಸುಗ್ಗಿ ಮುಗಿದ್ಮೇಲೆ ಅದರ ತುಂಬಾ ರಾಗಿ ಹುಲ್ಲು. ನೆಲದಿಂದ ಸೂರಿನವರೆಗೆ ಗೋಡೆಗೆ ಒತ್ತಿ ಒತ್ತಿ ತುರುಕ್ತಿದ್ವು. ನಾನೇ ಹೊತ್ತು ಹಾಕ್ತಿದ್ದೆ, ಮೈಯೆಲ್ಲಾ ನವೆ. ಆಷಾಢದಷ್ಟೊತ್ತಿಗೆ ದನ ತಿಂದು ತಿಂದು ಗೋಡೆ ಕಾಣೋದು. ಅಷ್ಟರಲ್ಲಿ ಬಿಸಿಲೂ ಹೋಗಿರೋದು."

ಬೀಸಣಿಗೆ ನಿಂತಿತು ಎಂದು ಅವಳೇ ಕೈ ತಟ್ಟಿ ನೆನಪಿಸಿದಳು.

ನನ್ನ ಕೆನ್ನೆಗೆ ನೆನಪಿದ್ದದ್ದು ನಿಜ. ಆರು ವರ್ಷದ ಕೆನ್ನೆಗೆ ಗೋಡೆಯ ಈಚೆ ಬದಿ ಮಾತ್ರ ಗೊತ್ತಿತ್ತು. ಆಚೆ ಬದಿಯಲ್ಲಿ ಏನಿತ್ತು ಎಂದು ಗೊತ್ತಿದ್ದವಳು ಆವತ್ತು ನನ್ನೆದುರಿಗೇ ಕುರ್ಚಿಯಲ್ಲಿ ಕೂತಿದ್ದಳು. ಮೇಸ್ತ್ರಿ ಹೊಟ್ಟಿನ ಮಾತು ಎತ್ತಿದಾಗ ಅವಳಿಗೆ ತನ್ನ ಮೈಯ ನವೆ ನೆನಪಾಗದೆ ಇದ್ದೀತೇ? ಮರೆತಿರಬಹುದು ಎಂದುಕೊಂಡೆ. ಮರೆತಿರಲಿ ಎಂದು ಬೇಡಿಕೊಂಡೆ ಎನ್ನುವುದೇ ಹೆಚ್ಚು ನಿಜ.

ಮರುದಿನ ಮೇಸ್ತ್ರಿಯನ್ನು ಹುಡುಕಿಕೊಂಡು ಮರ್ಫಿ ಟೌನಿಗೆ ಹೋದೆ. ಗೋಡೆಗೆ ಹೊರಗಿನಿಂದ ಏನಾದರೂ ಮಾಡಲು ಆಗುತ್ತದೆಯೇ ಎಂದು ಕೇಳುವುದಿತ್ತು. ಅವರು ಈಗ ಸಾರುವೆ ಹತ್ತುವುದನ್ನು ಬಿಟ್ಟಿದ್ದಾರೆ, ಮೊಣಕಾಲು ನೋವು. ಕಿರಿದಾದ ಗಲ್ಲಿಯಲ್ಲಿ, ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ಒಳಗಿನಿಂದ ಕುರ್ಚಿ ತರಿಸಿದರು. ನಾನು ಮೆಟ್ಟಿಲ ಮೇಲೆಯೇ ಕೂತೆ.

"ನೀವು ಹೇಳಿದ್ದೇ ಸರಿ ಮೇಸ್ತ್ರಿ," ಅಂದೆ. ಈ ವಾಕ್ಯವನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆದರೂ ಬಾಯಲ್ಲಿ ತೊಡರಿತು.

"ಅದು ಬಿಡಮ್ಮಾ. ಅಕ್ಕ ಹೆಂಗಿದ್ದಾರೆ?"

ಹೇಳಿದೆ. ಐಸಿಯು, ನಲ್ಲಿ ನೀರು, ಎಲ್ಲ. ಅವರು ಎಲ್ಲ ಕೇಳಿಸಿಕೊಂಡು, ಬೆರಳಿನಿಂದ ಮೆಟ್ಟಿಲ ಮೇಲೆ ಗೋಡೆ ಬರೆದು ತೋರಿಸಿದರು. ಹೊರಗಡೆ ಅರ್ಧ ಅಡಿ ಬಿಟ್ಟು ಮರದ ಚೌಕಟ್ಟು, ಅದರೊಳಗೆ ಸುಣ್ಣ ಕಲಸಿದ ಹೊಟ್ಟು, ಮೇಲೆ ಹೆಂಚು. ಮಳೆ ಹಿಡಿಯುವ ಮುಂಚೆ ಆಗಬೇಕು. ಆ ಕೆಂಪು ಗೋಡೆ ಪೂರ್ತಿ ಮುಚ್ಚಿಹೋಗುತ್ತದೆ, ನಿಮ್ಮಪ್ಪ ಒಪ್ಪುತ್ತಾರಾ ಎಂದು ಕೇಳಿದರು.

"ಒಪ್ಪಿಸ್ತೀನಿ."

"ನೀನು ಒಪ್ಪಿಸ್ತೀಯ ಬಿಡು," ಎಂದು ನಕ್ಕರು. ಆ ನಗುವಿನಲ್ಲಿ ಚುಚ್ಚು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಅವತ್ತು ನಿಮ್ಮನ್ನ ಎಲ್ಲರ ಮುಂದೆ ನಗೆಪಾಟಲು ಮಾಡಿದೆ. ನೀವ್ಯಾಕೆ ಇನ್ನೊಂದು ಸಲ ಹೇಳ್ಲಿಲ್ಲ?"

"ಹೇಳೋಕೆ ಬಂದಿದ್ನಲ್ಲ ಪಾಪಾ. ಪಾಯ ತೆಗೆಯೋ ಹಿಂದಿನ ದಿನ ಬಂದಿದ್ದೆ. ನೀನು ಕಾಲೇಜಿಗೆ ಹೋಗಿದ್ದೆ. ಅಕ್ಕನ ಹತ್ರ ಹೇಳಿದೆ, ಸಂದು ಬಿಟ್ಟೇ ಕಟ್ತೀನಿ, ಹೊರಗೆ ಗೊತ್ತೂ ಆಗಲ್ಲ ಅಂತ. ಅವರು ಏನಂದ್ರು ಗೊತ್ತಾ? ‘ನೀವು ಹೇಳ್ತಿರೋದು ಸರಿ ಮೇಸ್ತ್ರಿ, ನಮ್ಮ ಹಳೇ ಮನೇಲೂ ಹುಲ್ಲೇ ಬಿಸಿಲು ತಡೀತಿದ್ದಿದ್ದು. ಆದ್ರೆ ಮಗು ಎಲ್ಲರ ಮುಂದೆ ನಿಂತು ಹೇಳಿಬಿಟ್ಟಿದೆ. ಅವಳ ಮಾತು ನಡೀಲಿ ಬಿಡಿ. ನನಗಿನ್ನೇನು, ತಡ್ಕೋತೀನಿ.’"

ಗಲ್ಲಿಯಲ್ಲಿ ಯಾರೋ ಸ್ಕೂಟರ್ ತೆಗೆಯಲು ನಮ್ಮನ್ನು ಸರಿಯಲು ಹೇಳಿದರು. ನಾನು ಎದ್ದು ನಿಂತೆ, ಸ್ಕೂಟರ್ ಹೋಯಿತು, ಮತ್ತೆ ಕೂರಲಿಲ್ಲ.

ಇದನ್ನು ಕೇಳಿದ ಗೆಳತಿಯೊಬ್ಬಳು, "ಎಂಥಾ ಪ್ರೀತಿ ಮಗಾ ಅದು," ಅಂದಳು. ನಾನು ಅವಳ ಜೊತೆ ಎರಡು ದಿನ ಮಾತು ಬಿಟ್ಟೆ. ಪ್ರೀತಿ ಎಂಬ ಪದವನ್ನು ತಂದು ಮುಂದಿಟ್ಟರೆ ಎಲ್ಲ ಪ್ರಶ್ನೆಗಳೂ ಎದ್ದು ಹೊರಗೆ ಹೋಗಬೇಕು ಎಂಬುದು ನಮ್ಮ ಮನೆಗಳ ಅಭ್ಯಾಸ. ಸೊಪ್ಪು ಸೋಸುತ್ತಾ ನನ್ನ ಒಂದೊಂದು ಮಾತನ್ನೂ ಹಿಡಿದು ತಿರುಚಿ, ಸಾಕ್ಷಿ ಕೊಡು ಎಂದು ಪೀಡಿಸುತ್ತಿದ್ದವಳು, ಬಹುಮಾನಕ್ಕಾಗಿ ಮಾಡುವ ವಾದದಲ್ಲಿ ಒಂದಿಂಚು ಬಿಟ್ಟುಕೊಡದವಳು, ತನ್ನ ಉಸಿರಿನ ವಿಷಯದಲ್ಲಿ ನನ್ನನ್ನು ಸುಮ್ಮನೆ ಗೆಲ್ಲಲು ಬಿಟ್ಟಳು. ಎದುರಾಳಿ ಬೇಕೆಂದೇ ಸೋತರೆ ಅದಕ್ಕೆ ಗೆಲುವು ಎಂದು ಹೆಸರಿಲ್ಲ. ನನ್ನ ಮೇಲೆ ನನಗಿರುವ ಸಿಟ್ಟು ನನಗೆ ಗೊತ್ತು, ಅದಕ್ಕೆ ಜಾಗವಿದೆ. ಅವಳ ಮೇಲೆ ಇರುವ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಹೋಗಿದೆ.

ಅಪ್ಪನನ್ನು ಒಪ್ಪಿಸಲು ಇನ್ನೂ ಆಗಿಲ್ಲ. ಆ ಗೋಡೆಯನ್ನು ಮುಚ್ಚಿದರೆ ನೋಡಲು ಬಂದವರಿಗೆ ಏನು ತೋರಿಸುವುದು ಎಂದು ಕೇಳುತ್ತಾನೆ. ಅತ್ತೆ ಒಂದು ಮಾತು ಹೇಳಿದರೆ ಒಪ್ಪುತ್ತಾನೆ. ಅವಳು ಹೇಳುವುದಿಲ್ಲ. "ನನ್ನಿಂದ ಇನ್ನೊಂದು ರಾಮಾಯಣ ಬೇಡ," ಅನ್ನುತ್ತಾಳೆ.

ಗುರುವಾರ ಡಯಾಲಿಸಿಸ್‌ಗೆ ಅವಳ ಜೊತೆ ನಾನೇ ಹೋದೆ. ನಾಲ್ಕು ಗಂಟೆ ಕೆಲಸ. ಯಂತ್ರ ಶುರುವಾದ ಮೇಲೆ ಎದ್ದು ಹೋಗುವಂತಿಲ್ಲ, ಮಗ್ಗುಲು ತಿರುಗುವುದೂ ಕಷ್ಟ. ನರ್ಸ್ ತೂಕ ಬರೆದುಕೊಂಡು ನಾಲಿಗೆ ಲೊಚಗುಟ್ಟಿ ಹೋದಳು. ಅತ್ತೆ ನನ್ನ ಕಡೆ ನೋಡಿ, "ಏನ್ ಲಾಯರಮ್ಮ, ಬೆಳಗ್ಗಿಂದ ಬಾಯೇ ಬಿಟ್ಟಿಲ್ಲ," ಅಂದಳು.

ನಾನು ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ.

"ಮೇಸ್ತ್ರಿ ಎಲ್ಲಾ ಹೇಳಿದ್ರು ಅತ್ತೆ. ನಿನಗೆ ಗೊತ್ತಿತ್ತು. ಹುಲ್ಲು ಹೊತ್ತವಳು ನೀನು, ಆ ಕೋಣೇಲಿ ಮಲಗಬೇಕಾದವಳೂ ನೀನೇ. ಮನೇಲಿ ಸೊಪ್ಪು ಸೋಸ್ತಾ ನನ್ನನ್ನ ನೂರು ಸಲ ಸೋಲಿಸಿದ್ದೀಯ. ಆವತ್ತೊಂದು ದಿನ ಯಾಕೆ ಸೋಲಿಸಲಿಲ್ಲ?"